ಕೆರೆಯ ಪುಣ್ಯ ಯಾರಿಗೆ ಸಲ್ಲಬೇಕು?

ಕೆರೆ ಕಟ್ಟಿಸುವುದು ಪುಣ್ಯದ ಕೆಲಸ ಎಂಬ ಮಾತಿಗೆ ಕನ್ನಡ ನಾಡಿನಲ್ಲಿ ಎದುರಾಡಿದವರು ಕಡಿಮೆ. ಮಗ, ಕೆರೆ, ಕಾವ್ಯ, ನಿಧಿ, ದೇವಾಲಯ, ತೋಪು, ಅಗ್ರಹಾರ ಈ ಏಳನ್ನು ಸಪ್ತಸಂತಾನವೆಂದು ಎಣಿಸಿದ ಪರಂಪರೆ ನಮ್ಮದು. ಅಲ್ಲಿ ಹೆತ್ತ ಮಗನಿಗೂ ಮಣ್ಣಿನ ಏರಿಗೂ ಒಂದೇ ಪಂಕ್ತಿ. ಚಿತ್ರದುರ್ಗದ ಚಂದ್ರವಳ್ಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಹೆಸರು ಉಳಿದಿರುವುದು ಕೆರೆಯ ಕೆಲಸದ ದಾಖಲೆಯಲ್ಲಿ. ತಾಳಗುಂದದ ಕಂಬದ ಮೇಲೆ ಕುಬ್ಜ ಕವಿ ಕದಂಬರ ವಂಶದ ಕಥೆಯನ್ನೆಲ್ಲ ಹೇಳುವುದಕ್ಕೂ ಕಾಕುಸ್ಥವರ್ಮ ಶಿವಾಲಯದ ಬಳಿ ಮಾಡಿಸಿದ ಕೆರೆಯೇ ನೆಪ. ಅಲ್ಲಿಂದ ಮುಂದೆ ಗಂಗರು, ಚಾಲುಕ್ಯರು, ಹೊಯ್ಸಳರು, ವಿಜಯನಗರದವರು ಹಾಕಿಸಿದ ಶಾಸನಗಳಲ್ಲಿ ಅರಸರಷ್ಟೇ ಅಲ್ಲ, ಗೌಡರು, ಸೆಟ್ಟಿಗಳು, ಹೆಣ್ಣುಮಕ್ಕಳು ಕೂಡ ಕೆರೆ ಕಟ್ಟಿಸಿ ಪುಣ್ಯ ಗಳಿಸಿಕೊಂಡಿದ್ದಾರೆ. ಆದರೆ ಆ ಪುಣ್ಯ ಯಾವತ್ತು ಕೈಗೂಡುತ್ತದೆ? ಏರಿಯ ಮೇಲೆ ಕೊನೆಯ ಮಂಕರಿ ಮಣ್ಣು ಬಿದ್ದ ದಿನವೋ, ಮೊದಲ ಸಲ ಕೋಡಿ ಹರಿದ ದಿನವೋ? ನೂರಿನ್ನೂರು ವರ್ಷ ಕಳೆದು ಹೂಳು ತುಂಬಿ, ತೂಬು ಮುಚ್ಚಿಹೋಗಿ, ಅಂಗಳದಲ್ಲಿ ಜಾಲಿ ಬೆಳೆದ ಮೇಲೆ ಕಟ್ಟಿಸಿದವರ ಪುಣ್ಯ ಹಾಗೆಯೇ ಉಳಿದಿರುತ್ತದೆಯೋ? ಇದು ಶಾಸ್ತ್ರದ ಕುತೂಹಲಕ್ಕಾಗಿ ಕೇಳುವ ಪ್ರಶ್ನೆಯಲ್ಲ. ಕರ್ನಾಟಕದಲ್ಲಿ ಸುಮಾರು 36,000 ಕೆರೆಗಳಿವೆ, ಅವುಗಳಲ್ಲಿ ಹೆಚ್ಚಿನವು ಊರಿಗೊಂದರಂತೆ ಇರುವ ಸಣ್ಣ ಮಣ್ಣೇರಿಯ ಕೆರೆಗಳು. ಅವುಗಳ ಇಂದಿನ ಸ್ಥಿತಿಗೆ ನಾವು ಪುಣ್ಯವನ್ನು ಎಲ್ಲಿಟ್ಟಿದ್ದೇವೆ ಎಂಬುದಕ್ಕೂ ನೇರ ಸಂಬಂಧವಿದೆ. ಕೆರೆಯ ಧರ್ಮ ಇರುವುದು ಅದನ್ನು ಕಾಯುವುದರಲ್ಲಿ, ಕಟ್ಟುವುದು ಆ ಕಾಯುವಿಕೆಯ ಮೊದಲ ದಿನ ಮಾತ್ರ ಎಂದು ನಾನು ವಾದಿಸುತ್ತೇನೆ. ಈ ಮಾತನ್ನು ನಮ್ಮ ಪರಂಪರೆ ತಾನೇ ಹೇಳಿದೆ, ನಾವು ಕಿವಿಗೆ ಹಾಕಿಕೊಂಡಿಲ್ಲ.

ಮೊದಲು ಏರಿ ಎಂಬುದನ್ನು ಹತ್ತಿರದಿಂದ ನೋಡಬೇಕು. ಎರಡು ದಿಣ್ಣೆಗಳ ನಡುವೆ ಹರಿಯುವ ಹಳ್ಳಕ್ಕೆ ಅಡ್ಡಲಾಗಿ ಹಾಕಿದ ಮಣ್ಣಿನ ದಿಬ್ಬ ಅದು. ನೀರಿನ ಕಡೆಯ ಇಳಿಜಾರಿಗೆ ಅಲೆ ಕೊರೆಯದಂತೆ ಕಲ್ಲು ಹೊದಿಸಿರುತ್ತಾರೆ. ಬುಡದಲ್ಲಿ ಗದ್ದೆಗೆ ನೀರು ಬಿಡುವ ತೂಬು, ಒಂದು ಕೊನೆಯಲ್ಲಿ ಹೆಚ್ಚಾದ ನೀರು ಹೊರಗೆ ಹೋಗುವ ಕೋಡಿ, ಕೆಳಗೆ ಅಚ್ಚುಕಟ್ಟು. ಇಷ್ಟರಲ್ಲಿ ಯಾವುದೂ ತನ್ನ ಪಾಡಿಗೆ ತಾನು ಉಳಿಯುವಂಥದ್ದಲ್ಲ. ಏರಿಯ ಒಳಗೆ ಇಲಿ, ಹೆಗ್ಗಣ, ಏಡಿ ಬಿಲ ತೋಡುತ್ತವೆ, ಗೆದ್ದಲು ಗೂಡು ಕಟ್ಟುತ್ತದೆ. ಏರಿಯ ಮೇಲೆ ಬೆಳೆದ ಮರ ನೋಡಲು ಚೆಂದ, ಆದರೆ ಅದು ಸತ್ತ ಮೇಲೆ ಬೇರು ಕೊಳೆತು ಮಣ್ಣಿನೊಳಗೆ ಕೊಳವೆಯಂಥ ದಾರಿ ಬಿಡುತ್ತದೆ, ಆ ದಾರಿ ಹಿಡಿದು ನೀರು ನುಗ್ಗುತ್ತದೆ. ಮಣ್ಣಿನ ಏರಿಯಿಂದ ಸ್ವಲ್ಪ ನೀರು ಜಿನುಗುವುದು ಸಹಜ. ಹೊರಬದಿಯ ಬುಡದಲ್ಲಿ ನಿಂತು ನೋಡುವವನಿಗೆ ಆ ಜಿನುಗು ತಿಳಿಯಾಗಿದ್ದರೆ ಸಮಾಧಾನ. ಕದಡಿ ಬರುತ್ತಿದ್ದರೆ ಒಳಗಿನ ಮಣ್ಣು ಕರಗಿ ಹೊರಗೆ ಬರುತ್ತಿದೆ ಎಂದು ಅರ್ಥ, ಆಗ ರಾತ್ರೋರಾತ್ರಿ ಊರನ್ನು ಎಬ್ಬಿಸಬೇಕಾಗುತ್ತದೆ. ಕೋಡಿಯ ವಿಷಯ ಇನ್ನೂ ನಾಜೂಕು. ಕಲ್ಲಿನ ಅಣೆಯ ಮೇಲೆ ನೀರು ಉಕ್ಕಿ ಹರಿದರೂ ಅದು ನಿಲ್ಲಬಲ್ಲದು. ಮಣ್ಣಿನ ಏರಿಯ ಮೇಲೆ ನೀರು ಹತ್ತಿದರೆ ಕೆಲವೇ ಗಂಟೆಗಳಲ್ಲಿ ಏರಿ ಕೊಚ್ಚಿಹೋಗುತ್ತದೆ. ಕೋಡಿಗೆ ಮುಳ್ಳುಕಂಟಿ ಸಿಕ್ಕಿಕೊಂಡರೆ ಅಥವಾ ನಾಲ್ಕು ದಿನದ ನೀರು ಹೆಚ್ಚಿಗೆ ಸಿಗಲಿ ಎಂದು ಯಾರೋ ಮರಳಿನ ಮೂಟೆ ಇಟ್ಟು ಕೋಡಿ ಎತ್ತರಿಸಿದರೆ ಅಷ್ಟೇ ಸಾಕು. ಹೂಳು ಇವೆಲ್ಲಕ್ಕಿಂತ ನಿಧಾನದ ಶತ್ರು. ಪ್ರತಿ ಮಳೆಯೂ ಮೇಲಿನ ಹೊಲದ ಮಣ್ಣನ್ನು ತಂದು ಅಂಗಳಕ್ಕೆ ಸುರಿಯುತ್ತದೆ, ಅಂದರೆ ಕೆರೆಗೆ ನೀರು ಕೊಡುವ ಮಳೆಯೇ ಅದನ್ನು ಮುಚ್ಚುತ್ತಲೂ ಬರುತ್ತದೆ. ಗುಡಿಯ ಕಲ್ಲು ಕೆತ್ತಿ ಮುಗಿಯಿತು ಎನ್ನಬಹುದು, ಕಾವ್ಯ ಬರೆದು ಮುಗಿಯಿತು ಎನ್ನಬಹುದು. ಮಣ್ಣಿನ ಏರಿಯ ಕೆಲಸಕ್ಕೆ ಮುಗಿಯುವ ದಿನವೆಂಬುದೇ ಇಲ್ಲ.

ಹಳಬರಿಗೆ ಇದು ತಿಳಿದಿತ್ತು. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಭವದೂರ 1369ರಲ್ಲಿ, ಇಂದಿನ ಕಡಪ ಸೀಮೆಯ ಪೊರುಮಾಮಿಳ್ಳದಲ್ಲಿ ಕೆರೆ ಕಟ್ಟಿಸಿ ಹಾಕಿಸಿದ ಶಾಸನ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ ಕೆರೆಗೆ ಬರುವ ಆರು ದೋಷಗಳನ್ನೂ ಹೇಳುತ್ತದೆ. ಸಾಧನಗಳಲ್ಲಿ ಮೊದಲನೆಯದು ಧರ್ಮವಂತನಾದ ಅರಸ. ಆಮೇಲೆ ಜಲಶಾಸ್ತ್ರ ಬಲ್ಲವನು, ಗಟ್ಟಿ ಜೇಡಿ ನೆಲ, ಸಿಹಿನೀರಿನ ಹೊಳೆ, ಬಹಳ ಉದ್ದವಲ್ಲದ ಭದ್ರವಾದ ಏರಿ, ಕೆಲಸ ಬಲ್ಲ ಆಳುಗಳ ತಂಡ. ಧರ್ಮವೂ ಜೇಡಿಮಣ್ಣೂ ಒಂದೇ ಪಟ್ಟಿಯಲ್ಲಿ ಬರುವುದನ್ನು ಗಮನಿಸಬೇಕು: ಬರೆದವನ ಕಣ್ಣಿಗೆ ಅವೆರಡೂ ಒಂದೇ ಬಗೆಯ ಅಗತ್ಯಗಳು, ಒಂದು ಕೆಟ್ಟರೂ ನೀರು ನಿಲ್ಲದು. ದೋಷಗಳ ಪಟ್ಟಿಯಲ್ಲಿ ಏರಿಯಿಂದ ನೀರು ಸೋರುವುದು, ಚೌಳು ನೆಲ ಇವುಗಳ ಜೊತೆಗೇ ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದೂ ಒಂದು. ಮಣ್ಣಿನಲ್ಲಿ ಇಲ್ಲದ ಈ ದೋಷ, ಕಾಯುವವರು ಯಾರೆಂದು ತೀರ್ಮಾನವಾಗದ ಕಡೆ ಹುಟ್ಟುವಂಥದ್ದು. ಗುಜರಾತಿನ ಗಿರಿನಾರದ ಬಂಡೆ ಇನ್ನೊಂದು ಸಾಕ್ಷಿ. ಚಂದ್ರಗುಪ್ತ ಮೌರ್ಯನ ಅಧಿಕಾರಿ ಪುಷ್ಯಗುಪ್ತ ಕಟ್ಟಿಸಿದ ಸುದರ್ಶನ ಕೆರೆಗೆ ಅಶೋಕನ ಕಾಲದಲ್ಲಿ ತುಷಾಸ್ಫ ಕಾಲುವೆಗಳನ್ನು ಮಾಡಿಸಿದ. ಕ್ರಿಸ್ತಶಕ 150ರ ಸುಮಾರಿಗೆ ಬಿರುಗಾಳಿ ಮಳೆಗೆ ಏರಿ ಒಡೆದಾಗ, ಮಂತ್ರಿಗಳೇ ಇದು ಆಗದ ಕೆಲಸ ಎಂದರೂ ಅರಸ ರುದ್ರದಾಮನು ತನ್ನ ಅಧಿಕಾರಿ ಸುವಿಶಾಖನಿಂದ ಅದನ್ನು ಮತ್ತೆ ಕಟ್ಟಿಸಿದ. ಪ್ರಜೆಗಳಿಂದ ಹೆಚ್ಚಿನ ತೆರಿಗೆಯನ್ನಾಗಲಿ ಬಿಟ್ಟಿ ದುಡಿಮೆಯನ್ನಾಗಲಿ ಪಡೆಯದೆ ಮಾಡಿದೆ ಎಂಬುದು ಅವನ ಹೆಮ್ಮೆ. ಮುನ್ನೂರು ವರ್ಷಗಳ ಮೇಲೆ ಸ್ಕಂದಗುಪ್ತನ ಕಾಲದಲ್ಲಿ ಮತ್ತೆ ಒಡೆಯಿತು, ಚಕ್ರಪಾಲಿತ ಮತ್ತೆ ಕಟ್ಟಿಸಿದ. ಆ ಬಂಡೆಯ ಮೇಲೆ ಅತಿ ದೊಡ್ಡ ಮಾತುಗಳಲ್ಲಿ ಹೊಗಳಿಸಿಕೊಂಡವರು ಕಟ್ಟಿದವರಲ್ಲ, ಒಡೆದದ್ದನ್ನು ಸರಿ ಮಾಡಿದವರು.

ಈಗ ಬಲವಾದ ಆಕ್ಷೇಪಕ್ಕೆ ಬರೋಣ. ಬಾವಿ, ಕೆರೆ, ತೋಪು, ಗುಡಿ ಇವನ್ನು ಮಾಡಿಸುವುದಕ್ಕೆ ಶಾಸ್ತ್ರಗಳು ಪೂರ್ತ ಎನ್ನುತ್ತವೆ, ಯಜ್ಞಗಳಿಗೆ ಇಷ್ಟ ಎನ್ನುತ್ತವೆ. ಈ ಇಷ್ಟಾಪೂರ್ತವೇ ಎಲ್ಲಕ್ಕಿಂತ ಹೆಚ್ಚಿನದು ಎಂದು ನಂಬಿದವರನ್ನು ಮುಂಡಕೋಪನಿಷತ್ತು ಮೂಢರೆಂದು ಕರೆಯುತ್ತದೆ: ಅವರು ಸ್ವರ್ಗದಲ್ಲಿ ಪುಣ್ಯ ಉಂಡು ಮತ್ತೆ ಕೆಳಗೆ ಬೀಳುವವರು. ಛಾಂದೋಗ್ಯ ಆ ದಾರಿಯನ್ನು ಇನ್ನೂ ವಿವರವಾಗಿ ಹೇಳುತ್ತದೆ. ಊರಲ್ಲಿದ್ದು ಯಜ್ಞ, ಪೂರ್ತ, ದಾನ ಮಾಡಿದವರು ಹೊಗೆಯ ದಾರಿಯಲ್ಲಿ ಚಂದ್ರಲೋಕಕ್ಕೆ ಹೋಗುತ್ತಾರೆ, ಪುಣ್ಯ ತೀರಿದ ಮೇಲೆ ಆಕಾಶ, ಗಾಳಿ, ಹೊಗೆ, ಮೋಡ ಆಗಿ ಮಳೆಯಾಗಿ ಸುರಿಯುತ್ತಾರೆ, ಭತ್ತವಾಗಿ, ಜವೆಯಾಗಿ, ಎಳ್ಳಾಗಿ, ಉದ್ದಾಗಿ ಹುಟ್ಟುತ್ತಾರೆ. ಉಪನಿಷತ್ತಿಗೆ ಇದು ಬಿಡಿಸಿಕೊಳ್ಳಬೇಕಾದ ಸುತ್ತು. ಇದೇ ಆಕ್ಷೇಪ ಕನ್ನಡದಲ್ಲಿ ಇನ್ನೂ ಹರಿತವಾಗಿ ಬಂದದ್ದು ಶೂನ್ಯಸಂಪಾದನೆಯಲ್ಲಿ. ಸೊನ್ನಲಿಗೆಯಲ್ಲಿ ಕೆರೆ ತೋಡಿಸುತ್ತಿದ್ದ ಸಿದ್ಧರಾಮನನ್ನು ಹುಡುಕಿಕೊಂಡು ಬಂದ ಅಲ್ಲಮಪ್ರಭು ಅವನನ್ನು ಒಡ್ಡ ಎಂದು ಕರೆದು ಕೆಣಕುತ್ತಾನೆ. ಕೆರೆ, ಗುಡಿ ಎಂದು ಹೊರಗೆ ಕಟ್ಟುತ್ತ ಹೋಗುವವನು ತನ್ನನ್ನೇ ಕಟ್ಟಿಹಾಕಿಕೊಳ್ಳುತ್ತಾನೆ, ಮಾಡಿದೆನೆಂಬ ಭಾವ ಒಳಗೆ ಬೆಳೆಯುತ್ತದೆ ಎಂಬುದು ಆ ವಾದದ ತಿರುಳು. ಇದನ್ನು ಹಗುರವಾಗಿ ತಳ್ಳಿಹಾಕಲು ಬರುವುದಿಲ್ಲ. ಕೆರೆಯ ಜೊತೆಗೆ ಶಾಸನದ ಕಲ್ಲನ್ನೂ ನಿಲ್ಲಿಸಿದವರಲ್ಲಿ ಬಹಳ ಜನಕ್ಕೆ ಬೇಕಾದದ್ದು ಹೆಸರು. ಪೊರುಮಾಮಿಳ್ಳದ ಶಾಸನವಂತೂ ಕೀರ್ತಿಯ ಆಸೆ ಅರಸನಲ್ಲಿ ಇರಬೇಕಾದ ಗುಣವೆಂದೇ ಹೇಳುತ್ತದೆ.

ಆದರೆ ಅಲ್ಲಮನ ಆಕ್ಷೇಪ ಯಾರಿಗೆ ತಗಲುತ್ತದೆ ಎಂದು ಬಿಡಿಸಿ ನೋಡಬೇಕು. ಅದು ಕಟ್ಟಿಸಿದವನಿಗೆ ತಗಲುತ್ತದೆ, ಕಾಯುವವನಿಗೆ ತಗಲುವುದಿಲ್ಲ. ಏಡಿಯ ಬಿಲ ಮುಚ್ಚಿದವನ ಹೆಸರನ್ನು ಯಾವ ಕಲ್ಲೂ ಹೇಳುವುದಿಲ್ಲ. ಕೋಡಿಯ ಮುಳ್ಳು ತೆಗೆದವನಿಗೆ ಫಲವಾಗಿ ಸಿಗುವುದು ಏನೂ ಆಗದಿರುವುದು: ಏರಿ ಒಡೆಯಲಿಲ್ಲ, ಅಷ್ಟೇ. ಆಗದೆ ಹೋದ ಅನಾಹುತವನ್ನು ನನ್ನದೆಂದು ಯಾರೂ ಮೆರೆಯಲಾರರು. ಫಲದ ಮೇಲೆ ಆಸೆಯಿಲ್ಲದ ಕರ್ಮ ಎಂದು ಗೀತೆಯ ವ್ಯಾಖ್ಯಾನಕಾರರು ಹೇಳುವುದಕ್ಕೆ ಲೋಕದಲ್ಲಿ ಇದಕ್ಕಿಂತ ಹತ್ತಿರದ ಕೆಲಸ ನನಗೆ ಕಾಣುವುದಿಲ್ಲ. ಇದು ನಾನು ಹೊಸದಾಗಿ ಹೊಂದಿಸಿದ ವಾದವೂ ಅಲ್ಲ. ದಾನಶಾಸನಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುವ ಒಂದು ಸಂಸ್ಕೃತ ಶ್ಲೋಕವಿದೆ. ಕೊಡುವುದು, ಕೊಟ್ಟದ್ದನ್ನು ಕಾಯುವುದು ಎರಡರಲ್ಲಿ ಕಾಯುವುದೇ ಮೇಲು, ಕೊಟ್ಟವನು ಸ್ವರ್ಗ ಪಡೆದರೆ ಕಾದವನು ಚ್ಯುತಿಯಿಲ್ಲದ ಪದ ಪಡೆಯುತ್ತಾನೆ ಎಂಬುದು ಅದರ ತಾತ್ಪರ್ಯ. ಶಾಸನ ಓದುವವರು ಇದನ್ನು ವಾಡಿಕೆಯ ಮುಕ್ತಾಯವೆಂದು ದಾಟಿ ಹೋಗುತ್ತಾರೆ. ಮುಂಡಕದ ಪಕ್ಕದಲ್ಲಿಟ್ಟು ಓದಿದರೆ ಅದರ ತೂಕ ತಿಳಿಯುತ್ತದೆ. ಪೂರ್ತ ಮಾಡಿದವನು ಸ್ವರ್ಗದಿಂದ ಬೀಳುತ್ತಾನೆ ಎಂದು ಉಪನಿಷತ್ತು ಹೇಳಿತ್ತು. ಶಾಸನದ ಶ್ಲೋಕ ಅದನ್ನು ಒಪ್ಪಿಕೊಂಡೇ, ಬೀಳದ ಪದವನ್ನು ಪಾಲನೆಗೆ ಮೀಸಲಿಡುತ್ತದೆ. ಊರಿನ ಗದ್ದೆಬದುವಿನಲ್ಲಿ ನೆಟ್ಟ ಕಲ್ಲು ಉಪನಿಷತ್ತಿನ ಪ್ರಶ್ನೆಗೆ ಉತ್ತರ ಕೊಟ್ಟಿದೆ. ಛಾಂದೋಗ್ಯದ ಸುತ್ತನ್ನೂ ಇಲ್ಲಿಂದ ಬೇರೆಯಾಗಿ ನೋಡಬಹುದು. ಮಳೆಯಾಗಿ ಸುರಿದು ಭತ್ತವಾಗಿ ಹುಟ್ಟಬೇಕಾದರೂ ಆ ಮಳೆ ಎಲ್ಲೋ ತಂಗಬೇಕು. ಬೌದ್ಧರೂ ಇದರ ಹತ್ತಿರಕ್ಕೆ ಬಂದಿದ್ದಾರೆ. ತೋಪು ಬೆಳೆಸಿದವರ, ಬಾವಿ ತೋಡಿಸಿದವರ ಪುಣ್ಯ ಹಗಲೂ ಇರುಳೂ ಬೆಳೆಯುತ್ತದೆ ಎಂದು ಪಾಳಿ ಸುತ್ತವೊಂದು ಹೇಳುತ್ತದೆ. ಕೊಟ್ಟ ವಸ್ತು ಬಳಕೆಯಲ್ಲಿರುವುದರಿಂದಲೇ ಆ ಪುಣ್ಯ ಬೆಳೆಯುವುದಾದರೆ ಬಳಕೆ ನಿಂತ ದಿನ ಅದೂ ನಿಲ್ಲಬೇಕು. ಹೂಳು ತುಂಬಿದ ಕೆರೆಯ ಲೆಕ್ಕದಲ್ಲಿ ಯಾರ ಪುಣ್ಯವೂ ಬೆಳೆಯುತ್ತಿಲ್ಲ.

ಪಾಲನೆ ಬರಿಯ ಮಾತಾಗಿರಲಿಲ್ಲ, ಅದಕ್ಕೆ ನೆಲ ಮತ್ತು ಧಾನ್ಯದ ಏರ್ಪಾಡಿತ್ತು. ಕನ್ನಡ ಶಾಸನಗಳಲ್ಲಿ ಬರುವ ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಇವೆಲ್ಲ ಕೆರೆಯನ್ನು ಕಟ್ಟಿದವರಿಗೆ, ಜೀರ್ಣವಾದದ್ದನ್ನು ಎತ್ತಿ ನಿಲ್ಲಿಸಿದವರಿಗೆ, ನೋಡಿಕೊಳ್ಳುವವರಿಗೆ ಬಿಟ್ಟ ಗದ್ದೆ, ಬಿಟ್ಟ ಪಾಲು. ಏರಿಗೆ ಮಣ್ಣು ಹೊರುವ ಬಂಡಿ, ಕೋಣಗಳ ಖರ್ಚಿಗೆಂದು ದತ್ತಿ ಕೊಟ್ಟದ್ದೂ ಉಂಟು. ಇವನ್ನು ಅಳಿಪಿದವನು ಅರವತ್ತು ಸಾವಿರ ವರ್ಷ ಮಲದ ಹುಳುವಾಗಿ ಹುಟ್ಟುತ್ತಾನೆ ಎಂಬ ಶಾಪವೂ ಜೊತೆಗಿರುತ್ತಿತ್ತು. ಹಿಂದಿನವರೆಲ್ಲ ಧರ್ಮಭೀರುಗಳಾಗಿದ್ದರು, ಕೆರೆ ತಾನಾಗಿ ಉಳಿಯುತ್ತಿತ್ತು ಎನ್ನುವವರು ಆ ಶಾಪವನ್ನು ಇನ್ನೊಮ್ಮೆ ಓದಬೇಕು. ಅಳಿಪುವವರು ಆಗಲೂ ಇದ್ದದ್ದರಿಂದಲೇ ಶಾಪ ಕೆತ್ತಿಸಬೇಕಾಯಿತು. ಪಾಪದ ಭಯದ ಮೇಲೆ ಮಾತ್ರ ಕೆರೆ ಯಾವ ಕಾಲದಲ್ಲೂ ನಿಂತಿರಲಿಲ್ಲ.

ಎರಡನೆಯ ಆಕ್ಷೇಪ ನನಗೆ ಇನ್ನೂ ಭಾರವಾದದ್ದು. ಈ ಪುಣ್ಯದ ಮಾತೆಲ್ಲ ಯಾರ ಬೆವರಿನ ಮೇಲೆ ನಿಂತಿದೆ? ಏರಿಗೆ ಮಣ್ಣು ಹೊತ್ತವರು ಒಡ್ಡರು, ಅವರ ಹೆಸರು ಶಾಸನದಲ್ಲಿಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ತೂಬು ಎತ್ತಿ ಇಳಿಸಿ ಗದ್ದೆಗದ್ದೆಗೆ ನೀರು ಹಾಯಿಸಿದ ನೀರುಗಂಟಿಗಳಲ್ಲಿ ಬಹಳ ಜನ ದಲಿತರು. ಅಚ್ಚುಕಟ್ಟಿನ ಒಳ್ಳೆಯ ಗದ್ದೆ ಅವರದಾಗಿರಲಿಲ್ಲ, ಎಷ್ಟೋ ಊರುಗಳಲ್ಲಿ ಕುಡಿಯುವ ನೀರಿನ ಕಟ್ಟೆಯನ್ನು ಮುಟ್ಟುವ ಹಕ್ಕೂ ಇರಲಿಲ್ಲ. ಮಹಾರಾಷ್ಟ್ರದ ಮಹಾಡದಲ್ಲಿ ಚವದಾರ್ ಕೆರೆ ಎಲ್ಲರಿಗೂ ತೆರೆದಿದೆ ಎಂದು ಪುರಸಭೆ ನಿರ್ಣಯ ಮಾಡಿದ್ದರೂ ಅಂಬೇಡ್ಕರ್ ಮತ್ತು ಅವರ ಜೊತೆಗಿದ್ದ ಸಾವಿರಾರು ಜನ 1927ರ ಮಾರ್ಚ್ 20ರಂದು ಒಂದು ಬೊಗಸೆ ನೀರು ಕುಡಿಯಲು ಹೋರಾಟ ಹೂಡಬೇಕಾಯಿತು. ಅದಾದ ಮೇಲೆ ಸವರ್ಣೀಯರು ಆ ಕೆರೆಯನ್ನು ಶುದ್ಧಿ ಮಾಡಿದರು. ಮನುಷ್ಯರು ಮುಟ್ಟಿದರೆಂದು ನೀರನ್ನು ಶುದ್ಧಿ ಮಾಡುವ ಕಡೆ ಕೆರೆಯ ಪುಣ್ಯದ ಮಾತು ಎತ್ತುವುದೇ ಅಧರ್ಮ. ನಮ್ಮ ಜನಪದರು ಈ ಸಂಕಟವನ್ನು ಬಲ್ಲವರು. ಕೆರೆಗೆ ಹಾರ ಎಂಬ ಕಥನಗೀತೆಯಲ್ಲಿ ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬರುವುದಿಲ್ಲ, ಕಿರಿಸೊಸೆ ಭಾಗೀರಥಿಯನ್ನು ಬಲಿ ಕೊಡುತ್ತಾರೆ, ನೀರು ಬರುತ್ತದೆ. ಕಟ್ಟಿಸಿದವನ ಪುಣ್ಯದಲ್ಲಿ ನಂಬಿಕೆಯಿದ್ದಿದ್ದರೆ ಹಾಡು ಅಲ್ಲಿಗೆ ಮುಗಿಯುತ್ತಿತ್ತು. ಅದು ಮುಗಿಯುವುದು ದಂಡಿನಿಂದ ಮರಳಿದ ಅವಳ ಗಂಡ ಮಾದೇವರಾಯನೂ ಅದೇ ಕೆರೆಗೆ ಹಾರುವುದರಲ್ಲಿ. ಗೌಡನ ಕೆರೆ ಧರ್ಮವೆಂದು ಹಾಡು ಒಪ್ಪುವುದಿಲ್ಲ.

ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ, ಒಪ್ಪಿದಾಗಲೇ ನನ್ನ ವಾದ ಗಟ್ಟಿಯಾಗುತ್ತದೆ ಎಂದೂ ಭಾವಿಸುತ್ತೇನೆ. ಪುಣ್ಯ ಪಾಲನೆಯಲ್ಲಿದೆ ಎನ್ನುವುದಾದರೆ ಶಾಸನಗಳು ಅದನ್ನು ತಪ್ಪು ವಿಳಾಸಕ್ಕೆ ಬರೆದಿವೆ. ಅದು ಸಲ್ಲಬೇಕಾದದ್ದು ಒಡ್ಡನಿಗೆ, ನೀರುಗಂಟಿಗೆ. ಅಲ್ಲಮ ಕೆಣಕಲು ಬಳಸಿದ ಹೆಸರನ್ನೇ ಇಂದು ಬೇರೆ ಬೆಳಕಿನಲ್ಲಿ ಕಾಣಬಹುದು: ಕೆರೆ ಕಟ್ಟೆಯ ಕೆಲಸದಲ್ಲಿ ತಲೆಮಾರುಗಳನ್ನು ಸವೆಸಿದ ಒಡ್ಡರು, ಅಂದರೆ ಭೋವಿ ಸಮುದಾಯ, ಸಿದ್ಧರಾಮನನ್ನು ತನ್ನ ಗುರುವೆಂದು ಪೂಜಿಸುತ್ತದೆ. ಇಷ್ಟು ಹೇಳಿ, ನೀರುಗಂಟಿಯನ್ನು ಪುಣ್ಯವಂತನೆಂದು ಹೊಗಳಿ ಅವನನ್ನು ಅದೇ ಏರಿಯ ಮೇಲೆ ನಿಲ್ಲಿಸಿಬಿಡುವುದು ಮಾತ್ರ ವಂಚನೆಯಾಗುತ್ತದೆ. ಹುಟ್ಟಿನಿಂದ ಹೊರಿಸಿದ ಕೆಲಸದಲ್ಲಿ ಶ್ರಮವಿದೆ, ಕೌಶಲವಿದೆ, ಆದರೆ ತಾನಾಗಿ ಒಪ್ಪಿ ಹೊರದ ಕೆಲಸವನ್ನು ಅವನ ಧರ್ಮವೆಂದು ಕರೆಯುವ ಹಕ್ಕು ಬೇರೆಯವರಿಗಿಲ್ಲ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ವಂಶಪಾರಂಪರ್ಯದ ತೋಟಿ, ತಳವಾರ, ನೀರುಗಂಟಿ ಹುದ್ದೆಗಳನ್ನು ತೆಗೆದುಹಾಕಿದ್ದು ನ್ಯಾಯವೇ. ಹುದ್ದೆ ಹೋದಾಗ ಆ ಕೆಲಸವನ್ನು ಊರಿನ ಎಲ್ಲರೂ ಹಂಚಿಕೊಳ್ಳಬೇಕಾಗಿತ್ತು. ಅದಾಗಲಿಲ್ಲ. ಒಂದು ಜಾತಿಯ ಹೆಗಲಿನಿಂದ ಇಳಿಸಿದ ಹೊರೆಯನ್ನು ಉಳಿದವರು ಎತ್ತಿಕೊಳ್ಳದೆ ನೆಲದ ಮೇಲೆ ಬಿಟ್ಟರು. ನೂರಾರು ವರ್ಷ ನೀರುಂಡವರಿಗೆ ಕಾಯುವುದು ಕೀಳು ಕೆಲಸವಾಗಿಯೇ ಕಂಡಿತ್ತೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ. ಕಟ್ಟಿಸುವುದಕ್ಕೆ ಮಾತ್ರ ಪುಣ್ಯ ಕೊಟ್ಟ ಲೆಕ್ಕಾಚಾರದ ಫಲ ಅದು.

ಧರ್ಮದ ಮಾತೇಕೆ, ಕೆರೆ ನೋಡಿಕೊಳ್ಳಲು ಸರ್ಕಾರವಿಲ್ಲವೇ ಎಂಬ ಆಕ್ಷೇಪ ಇನ್ನೊಂದು. ಇದೆ, ಇರಬೇಕು ಕೂಡ. ಮೈಸೂರು ಸಂಸ್ಥಾನ 1911ರಲ್ಲೇ ಕೆರೆ ಪಂಚಾಯತಿಗಳಿಗೆ ಕಾನೂನು ಮಾಡಿತ್ತು. ಇಂದು ಸಣ್ಣ ಅಚ್ಚುಕಟ್ಟಿನ ಕೆರೆಗಳು ಪಂಚಾಯತಿಗಳ ಕೈಯಲ್ಲಿ, ದೊಡ್ಡವು ಸಣ್ಣ ನೀರಾವರಿ ಇಲಾಖೆಯ ಕೈಯಲ್ಲಿ ಇವೆ. ಹೂಳೆತ್ತಲು ಯಂತ್ರ, ಏರಿಗೆ ಅಂದಾಜುಪಟ್ಟಿ, ಎಂಜಿನಿಯರು ಇವೆಲ್ಲ ಬೇಕು. ಆದರೆ ಏರಿಯ ಬುಡದ ಜಿನುಗು ಇವತ್ತು ತಿಳಿಯೋ ಕದಡೋ ಎಂದು ನೋಡುವ ಕೆಲಸವನ್ನು ಟೆಂಡರಿಗೆ ಬರೆಯಲಾಗುವುದಿಲ್ಲ. ದಿನವೂ ಆ ದಾರಿಯಲ್ಲಿ ಓಡಾಡುವವರು ನೋಡಬೇಕು, ನೋಡಲು ಅವರಿಗೆ ಕಾರಣವಿರಬೇಕು. ಸರ್ಕಾರಕ್ಕೂ ಅರಸರಿಗಿದ್ದ ಹಳೆಯ ಚಟ ಬಿಟ್ಟಿಲ್ಲ. ಹೊಸ ಕಾಮಗಾರಿಗೆ ಶಂಕುಸ್ಥಾಪನೆಯಿದೆ, ಉದ್ಘಾಟನೆಯ ಕಲ್ಲಿದೆ, ರಿಪೇರಿಗೆ ಎರಡೂ ಇಲ್ಲ. ನಮ್ಮ ಪೂಜೆಯೂ ಇದೇ ದಾರಿಯಲ್ಲಿದೆ. ಕೆರೆ ತುಂಬಿ ಕೋಡಿ ಬಿದ್ದಾಗ ಗಂಗಮ್ಮನಿಗೆ ಬಾಗಿನ ಕೊಡುತ್ತೇವೆ. ಆ ಸಂತೋಷ ನಿಜವಾದದ್ದು, ಮಳೆ ಕಾಣದ ವರ್ಷಗಳನ್ನು ಉಂಡ ಬಯಲುಸೀಮೆಯವರಿಗೆ ಅದರ ಅರ್ಥ ಗೊತ್ತು. ಆದರೆ ತುಂಬಿದ ಕೆರೆಗೆ ಬೇಕಾದದ್ದು ಕಡಿಮೆ. ಬೇಸಿಗೆಯಲ್ಲಿ ಅಂಗಳ ಒಣಗಿ ಬಿರುಕು ಬಿಟ್ಟಾಗ, ಹೂಳು ಎತ್ತಬಹುದಾದ ಆ ಎರಡು ಮೂರು ತಿಂಗಳಲ್ಲಿ, ಊರು ಏರಿಯ ಮೇಲೆ ಸೇರುವ ಒಂದು ಹಬ್ಬವಿದ್ದಿದ್ದರೆ ಗಂಗಮ್ಮನ ಪೂಜೆ ಪೂರ್ಣವಾಗುತ್ತಿತ್ತು. ಹಬ್ಬಗಳನ್ನು ಜನರೇ ಮಾಡಿಕೊಂಡದ್ದು, ಇದನ್ನೂ ಮಾಡಿಕೊಳ್ಳಬಹುದು.

ಕೊನೆಯ ಆಕ್ಷೇಪವನ್ನು ಬಾಯಿಬಿಟ್ಟು ಹೇಳುವವರು ಕಡಿಮೆ, ನಡವಳಿಕೆಯಲ್ಲಿ ಮಾತ್ರ ಎಲ್ಲೆಡೆ ಕಾಣುತ್ತದೆ: ಈಗ ಕೆರೆಯ ಹಂಗು ಯಾರಿಗಿದೆ? ತೂಬಿನ ನೀರು ಕಾಯುತ್ತ ಕೂರುವ ರೈತ ಕೋಲಾರದ ಕಡೆ ಬಹುತೇಕ ಇಲ್ಲವಾಗಿದ್ದಾನೆ, ಬೋರ್‌ವೆಲ್ಲಿನ ಸ್ವಿಚ್ ಅವನ ಕೈಯಲ್ಲಿದೆ. ಗಟ್ಟಿ ಬಂಡೆಯ ಆ ನೆಲದಲ್ಲಿ ಬೋರಿಗೆ ಬರುವ ನೀರು ಬಂಡೆಯ ಬಿರುಕುಗಳಲ್ಲಿ ನಿಂತದ್ದು, ಆ ಬಿರುಕುಗಳಿಗೆ ನೀರು ಇಳಿಸುವ ಮುಖ್ಯ ದಾರಿಗಳಲ್ಲಿ ಕೆರೆಯ ಅಂಗಳವೂ ಒಂದು. ಹಾಗಾಗಿ ಕೆರೆಯ ಅಚ್ಚುಕಟ್ಟು ಇಲ್ಲವಾಗಿಲ್ಲ, ನೆಲದೊಳಗೆ ಹೋಗಿದೆ, ದೊಡ್ಡದೂ ಆಗಿದೆ. ಒಂದು ಕಾಲಕ್ಕೆ ತೂಬಿನ ಕೆಳಗೆ ಗದ್ದೆಯಿದ್ದವನು ಕಾಲುವೆ ಕೆಲಸಕ್ಕೆ ಆಳು ಕೊಡಬೇಕಿತ್ತು, ಕೊಡದವನು ಯಾರೆಂದು ಊರಿಗೆ ಗೊತ್ತಾಗುತ್ತಿತ್ತು. ಈಗ ಏರಿಯ ಮುಖವನ್ನೇ ನೋಡದವನು, ಕೆರೆಯಿಂದ ದೂರದಲ್ಲಿ ಟೊಮೆಟೊ, ಹಿಪ್ಪುನೇರಳೆ ಬೆಳೆಯುವವನು, ಆ ಊರ ನೀರನ್ನು ಟ್ಯಾಂಕರಿನಲ್ಲಿ ಕೊಂಡು ಕುಡಿಯುವ ಪಟ್ಟಣದವನು ಎಲ್ಲರೂ ಅದೇ ಕೆರೆಯ ನೀರುಣ್ಣುತ್ತಾರೆ, ಯಾರ ಹೆಸರೂ ಯಾವ ಪಟ್ಟಿಯಲ್ಲೂ ಇಲ್ಲ. ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯಿದ್ದರೆ ದೋಷ ಎಂದ ಪೊರುಮಾಮಿಳ್ಳದ ಶಾಸನಕಾರ ಇದನ್ನು ಕಂಡಿದ್ದರೆ ಏಳನೆಯ ದೋಷವಾಗಿ ಸೇರಿಸುತ್ತಿದ್ದನೆಂದು ನನಗನಿಸುತ್ತದೆ. ಪಾಲನೆಯ ಧರ್ಮ ನೀರು ಉಂಡವರಿಗೆಲ್ಲ ಸೇರುವುದಾದರೆ ಬಿತ್ತುವಟ್ಟದ ಪಾಲನ್ನು ಈಗ ಬೋರ್‌ವೆಲ್ಲಿನಿಂದ, ಟ್ಯಾಂಕರಿನಿಂದ ಎತ್ತಬೇಕು, ಆ ದುಡ್ಡು ಅದೇ ಕೆರೆಯ ಹೂಳಿಗೆ, ತೂಬಿಗೆ, ಕೋಡಿಗೆ, ಏರಿ ಸುತ್ತುವವನ ನ್ಯಾಯವಾದ ಕೂಲಿಗೆ ಹೋಗಬೇಕು, ಆ ಕೂಲಿಗೆ ನಿಲ್ಲುವವನು ಯಾವ ಜಾತಿಯವನೂ ಆಗಿರಬಹುದು ಎಂಬುದು ಗ್ರಾಮಸಭೆಯಲ್ಲಿ ಬರವಣಿಗೆಗೆ ಇಳಿಯಬೇಕು.